ಗೆದ್ವಿ, ಸೋತ್ರು, ಗೆದ್ರಂತೆ

ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಒಂದು ಸೂತ್ರ ಬಿಟ್ಟುಬಿಟ್ಟಿದ್ದಾನೆ. ತಪ್ಪು ಅವನದಲ್ಲ. ಆಗಿನ್ನೂ ಬೆಂಗಳೂರು ಎಫ್‌ಸಿ ಎಂಬ ಫುಟ್ಬಾಲ್ ತಂಡ ಇರಲಿಲ್ಲ. ಅದು ಹುಟ್ಟಿದ್ದು 2013ರಲ್ಲಿ. ಅಲ್ಲಿಂದೀಚೆಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಅಭಿಮಾನಿಗಳಾದ ನಾವು, ಯಾವ ವಿಶ್ವವಿದ್ಯಾಲಯದ ಅನುದಾನವೂ ಇಲ್ಲದೆ, ಆ ಕೊರತೆ ನೀಗಿಸಿದ್ದೇವೆ. ಸೂತ್ರ ಇಷ್ಟೇ: ಗೆಲುವು ಉತ್ತಮ ಪುರುಷಕ್ಕೆ, ಸೋಲು ಪ್ರಥಮ ಪುರುಷಕ್ಕೆ. ತಂಡ ಗೆದ್ದರೆ ‘ಗೆದ್ವಿ’. ಅದೇ ತಂಡ ಸೋತರೆ ‘ಸೋತ್ರು’. ‘ಸೋತ್ವಿ’ ಎಂಬ ಕ್ರಿಯಾಪದ ನಮ್ಮ ಸೀಮೆಯಲ್ಲಿ ಚಲಾವಣೆಯಲ್ಲಿಲ್ಲ.

ಉದಾಹರಣೆ ಬೇಕಾದರೆ ಕ್ಯಾಲೆಂಡರಿನ ಮಾರ್ಚ್ 17 ಒಂದೇ ಸಾಕು. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಫೈನಲ್. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ತಲೆಯಲ್ಲಿ ಗೋಲು ಹೊಡೆದಾಗ ನಾವೆಲ್ಲ ‘ಹೊಡೆದ್ವಿ!’ ಆಮೇಲೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಕಾರ್ನರಿಗೆ ಎರಡು ಸಲ ಎಗರಿ ತಲೆ ಕೊಟ್ಟ. ‘ಹೊಡೆದ್ವಿ’ ಎಂದಿದ್ದ ಬಾಯೇ ‘ಬಿಟ್ರು ನೋಡು’ ಅಂದಿತು. ಆಟ 3–2ಕ್ಕೆ ಮುಗಿಯಿತು. ಕಾರ್ನರ್ ಕಾಯುವುದು ಹೇಗೆಂದು ಕೋಚ್ ಆಲ್ಬರ್ಟ್ ರೋಕಾಗೆ ಗೊತ್ತೇ ಇಲ್ಲ ಎಂದು ಯಲಹಂಕ ದಾಟುವುದರೊಳಗೆ ತೀರ್ಮಾನವಾಗಿತ್ತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17, ಮುಂಬೈ. ಎದುರಿಗೆ ಗೋವಾ, 117ನೇ ನಿಮಿಷ. ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದ, ರಾಹುಲ್ ಭೇಕೆ ತಲೆ ಕೊಟ್ಟ, 1–0. ಗೆದ್ವಿ! ಕಾರ್ನರ್ ಅಂದರೆ ಇದಪ್ಪ, ಕೋಚ್ ಅಂದರೆ ಕಾರ್ಲೆಸ್ ಕ್ವಾದ್ರಾತ್ ಅಪ್ಪ! ಈ ಕ್ವಾದ್ರಾತ್ ಹಿಂದಿನ ವರ್ಷ ಅದೇ ರೋಕಾ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಸಿಸ್ಟೆಂಟು ಎಂಬ ಸಣ್ಣ ವಿಷಯ ಯಾರ ನೆನಪಿಗೂ ಬರಲಿಲ್ಲ. ಬಂದರೂ ಸೂತ್ರ ಕೆಡುತ್ತಿತ್ತು.

ನಮ್ಮದು ಐವರ ಬಳಗ. ದೊಡ್ಡಬಳ್ಳಾಪುರದ ಮಗ್ಗದಣ್ಣನಿಗೆ ಎಂಟು ಪವರ್‌ಲೂಮು, ರೇಷ್ಮೆ ಸೀರೆ. ಅವರ ಪ್ರಕಾರ ಫುಟ್ಬಾಲೆಂದರೆ ನೇಯ್ಗೆ: ಡಿಫೆನ್ಸು ಹಾಸು, ಮಿಡ್‌ಫೀಲ್ಡು ಹೊಕ್ಕು, ವಿಂಗಿನಲ್ಲಿ ಓಡಾಡುವವನು ಲಾಳಿ. ದೇವನಹಳ್ಳಿಯ ಸೈಟಣ್ಣ ಮೊದಲು ಚಕ್ಕೋತ ಮಾರುತ್ತಿದ್ದವರು. 2008ರಲ್ಲಿ ಏರ್‌ಪೋರ್ಟಿಗೆ ವಿಮಾನ ಇಳಿದ ಮೇಲೆ ಚಕ್ಕೋತದ ಮರ ನಿಂತ ಜಾಗವನ್ನೇ ಮಾರತೊಡಗಿದರು. ಅವರಿಗೆ ಮೈದಾನದ ತುಂಬಾ ಕಾಣುವುದು ಖಾಲಿ ಜಾಗ. ‘ಅಷ್ಟಗಲ ಜಾಗ ಹಂಗೇ ಬಿಟ್ಟವ್ರೆ, ಒಂದು ಕಾಂಪೌಂಡ್ ಹಾಕಕ್ಕೇನು ರೋಗ?’ ಎನ್ನುತ್ತಾರೆ, ಡಿಫೆನ್ಸ್ ಬಗ್ಗೆ. ನೆಲಮಂಗಲದ ಕ್ಯಾಬ್ ತಮ್ಮ ಏರ್‌ಪೋರ್ಟ್ ಟ್ರಿಪ್ಪಿನವನು. ಅವನಿಗೆ ಮಿಡ್‌ಫೀಲ್ಡೆಂದರೆ ಸಂಜೆ ಆರರ ಹೆಬ್ಬಾಳ. ‘ಜಾಮ್ ಐತೆ ಅಂತ ಗೊತ್ತಿದ್ದೂ ಅಲ್ಲೇ ನುಗ್ತವ್ನಲ್ಲ ಸಿವಾ, ಸರ್ವಿಸ್ ರೋಡಿಗೆ ಇಳಿಬಾರ್ದಾ?’

ನಾಲ್ಕನೆಯವರು ಹೊಸಕೋಟೆ ಕಡೆಯ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ನಮ್ಮೆಲ್ಲರ ಪೈಕಿ ಫುಟ್ಬಾಲನ್ನು ಕಾಲಿನಿಂದ ಮುಟ್ಟಿರುವವರು ಇವರೊಬ್ಬರೇ. ಹಾಗಾಗಿ ಚರ್ಚೆಯಲ್ಲಿ ಅವರಿಗೆ ಹೆಚ್ಚು ಅವಕಾಶ ಕೊಡುವುದಿಲ್ಲ. ಐದನೆಯವನು ನಾನು. ಹತ್ತನೇ ಕ್ಲಾಸಿನಲ್ಲಿ ಕೊನೆಯ ಸಲ ಚೆಂಡು ಮುಟ್ಟಿದ್ದೆ, ಅದೂ ವಾಲಿಬಾಲು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಪಂದ್ಯವಾದ ಮೇಲೆ ಆಟಗಾರರಿಗೂ ಕೋಚಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಇನ್ನೂರು ಪುಟದ ನೋಟ್‌ಬುಕ್ಕು, ಮೇಲೆ ಅರಿಶಿನ ಕುಂಕುಮ.

ಕಂಠೀರವದ ಪಶ್ಚಿಮದ ಸ್ಟ್ಯಾಂಡಿನಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಪಡೆಯಿದೆ; ಗೆಲ್ಲಲಿ ಸೋಲಲಿ ನಿಂತೇ ಹಾಡುತ್ತಾರೆ, ತಮಟೆ ಬಡಿಯುತ್ತಾರೆ. ನಾವು ಆ ಜಾತಿಯಲ್ಲ. ಅವರು ಹಾಡುವವರು, ನಾವು ವ್ಯಾಲ್ಯುಯೇಶನ್ ಮಾಡುವವರು. ಪರೀಕ್ಷೆ ಬರೆಯುವ ಹುಡುಗನ ಜೊತೆ ವ್ಯಾಲ್ಯುಯೇಟರ್ ಹಾಡು ಹೇಳಿಕೊಂಡು ಕೂರಲಾಗುತ್ತದೆಯೇ?

*

2025ರ ಮಾರ್ಚ್ 29ರಿಂದ ಏಪ್ರಿಲ್ 12ರವರೆಗಿನ ಎರಡು ವಾರ ಈ ನೋಟ್‌ಬುಕ್ಕಿನ ಸುವರ್ಣಯುಗ.

ಕನ್ನಡದಲ್ಲಿ ಇಂಗ್ಲಿಷಿಗಿಲ್ಲದ ಒಂದು ಸೌಲಭ್ಯವಿದೆ: ಅವರು, ಅವನು, ಅದು. ಕೋಚ್‌ಗಳಿಗೆಂದೇ ಮಾಡಿಟ್ಟ ಮೂರು ಮೆಟ್ಟಿಲು. ಸ್ಪೇನಿನ ಗೆರಾರ್ಡ್ ಝರಗೋಝಾ 2023ರ ಡಿಸೆಂಬರಿನಲ್ಲಿ ಸೈಮನ್ ಗ್ರೇಸನ್ ಜಾಗಕ್ಕೆ ಬಂದರು. ಆ ಸೀಸನ್ನಿನಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಇಳಿಯಿತು, ಝರಗೋಝಾ ‘ಅದು’ವಿನ ಮೆಟ್ಟಿಲಿಗೆ ಇಳಿದರು. ‘ಎಲ್ಲಿಂದ ಹಿಡ್ಕೊಂಡ್ ಬಂದ್ರೋ ಅದನ್ನ’ ಎಂದು ನೋಟ್‌ಬುಕ್ಕಿನಲ್ಲಿ ಅಂದಿನ ತಾರೀಖು ಸಮೇತ ದಾಖಲಾಗಿದೆ. ಮುಂದಿನ ಸೀಸನ್ನಿಗೆ ಲೀಗಿನಲ್ಲಿ ಮೂರನೇ ಸ್ಥಾನ ಬಂತು, ‘ಅವನು’ ಆದರು. ಮಾರ್ಚ್ 29ರಂದು ಕಂಠೀರವದಲ್ಲಿ ಮುಂಬೈ ಸಿಟಿಯನ್ನು 5–0ಯಿಂದ ತೊಳೆದು ಹಾಕಿದ ರಾತ್ರಿ ‘ಅವರು’. ಮಗ್ಗದಣ್ಣನ ನಾಲಿಗೆಗೆ ಆ ಹೆಸರು ಹೊರಳುವುದಿಲ್ಲ, ‘ಜರಿಗೋಜ’ ಅನ್ನುತ್ತಾರೆ. ‘ಅಪ್ಪಟ ಜರಿ ಕಣಯ್ಯ, ಬೆಂಕಿಗೆ ಹಿಡಿದ್ರೂ ಬಣ್ಣ ಬಿಡಲ್ಲ’ ಎಂದರು.

ಏಪ್ರಿಲ್ 2ರಂದು ಸೆಮಿಫೈನಲಿನ ಮೊದಲ ಪಂದ್ಯ, ಗೋವಾ ಮೇಲೆ 2–0. ‘ಅವರು’ ಎನ್ನುವುದು ‘ಸಾರು’ ಆಯಿತು. ಏಪ್ರಿಲ್ 6, ಗೋವಾದ ಫತೋರ್ಡಾದಲ್ಲಿ ಎರಡನೇ ಪಂದ್ಯ. ಗೋವಾ ಒಂದು ಹೊಡೆಯಿತು. ಸಾರು ಹೋಗಿ ‘ಅವರು’. ಎರಡನೆಯದನ್ನೂ ಹೊಡೆದು ಒಟ್ಟು ಲೆಕ್ಕ ಸಮವಾಯಿತು. ‘ಅವರು’ ಹೋಗಿ ‘ಅವನು’. ‘ಲೀಡು ಇಟ್ಕೊಂಡು ಆಡಕ್ ಬರಲ್ಲ ಅವನಿಗೆ’ ಎಂದು ಸೈಟಣ್ಣ ಶುರುಮಾಡಿದ್ದರಷ್ಟೆ, ಹೆಚ್ಚುವರಿ ನಿಮಿಷದಲ್ಲಿ ಛೆಟ್ರಿ ತಲೆ ಕೊಟ್ಟು ಬೆಂಗಳೂರನ್ನು ಫೈನಲಿಗೆ ತಂದ. ಸೈಟಣ್ಣ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸದೆ, ಉಸಿರೂ ತೆಗೆದುಕೊಳ್ಳದೆ, ‘ಅವನಿಗೆ ಅಂದ್ರೆ ಆ ಗೋವಾದೋನಿಗೆ, ನಮ್ ಸಾರು ನೋಡು ಹೆಂಗವ್ರೆ!’ ಎಂದು ಮುಗಿಸಿದರು. ಸೈಟು ಮಾರುವವರಿಗೆ ಮಾತ್ರ ಸಾಧ್ಯವಾಗುವ ತಿರುವು ಅದು. ತೋರಿಸಿದ ಸರ್ವೆ ನಂಬರು ಒಂದು, ರಿಜಿಸ್ಟರ್ ಆದದ್ದು ಇನ್ನೊಂದು.

ಛೆಟ್ರಿಗೂ ಇದೇ ಗತಿ. ಆ ಸೀಸನ್ನಿನ ಐಎಸ್ಎಲ್‌ನಲ್ಲಿ ಒಟ್ಟು 14 ಗೋಲು, ಭಾರತೀಯರ ಪೈಕಿ ಎಲ್ಲರಿಗಿಂತ ಹೆಚ್ಚು. ವಯಸ್ಸು 40. ಈ ನಲವತ್ತೆಂಬುದು ಎರಡು ಬಾಯಿಯ ಕತ್ತಿ. ಗೆದ್ದ ದಿನ ‘ನಲವತ್ತಾದ್ರೂ ನೋಡ್ಲಾ!’ ಸೋತ ದಿನ ‘ನಲವತ್ತಾಯ್ತು ನೋಡ್ಲಾ.’ ಅಂಕಿ ಅದೇ, ಆಡುವವನೂ ಅವನೇ. ಹೀಗೆ ಹೇಳುವ ಸೈಟಣ್ಣನಿಗೆ 46, ಮಂಡಿ ಚಿಪ್ಪಿನ ನೋವು. ಬಾತ್‌ರೂಮಿಗೂ ವೆಸ್ಟರ್ನ್ ಕಮೋಡೇ ಬೇಕು.

*

ಏಪ್ರಿಲ್ 12, ಶನಿವಾರ ಸಂಜೆ ಏಳೂವರೆ. ಫೈನಲ್ಲು ಕೋಲ್ಕತ್ತದ ಸಾಲ್ಟ್ ಲೇಕಿನಲ್ಲಿ, ಮೋಹನ್ ಬಾಗಾನ್ ಎದುರು. ನಾವು ದೊಡ್ಡಬಳ್ಳಾಪುರದಲ್ಲಿ, ಮಗ್ಗದಣ್ಣನ ಆಫೀಸ್ ರೂಮಿನಲ್ಲಿ. ಗೋಡೆಯಾಚೆ ಎಂಟು ಮಗ್ಗ ಟಕಟಕ ಎನ್ನುತ್ತಿರುತ್ತವೆ, ಹಾಗಾಗಿ ಟೀವಿಯ ಕಾಮೆಂಟರಿ ಕೇಳುವುದಿಲ್ಲ. ಅದರಿಂದ ನಷ್ಟವೂ ಇಲ್ಲ. ತಿಳಿದವರು ಹೇಳುವುದು ಕಿವಿಗೆ ಬಿದ್ದರೆ ಸ್ವಂತ ಅಭಿಪ್ರಾಯಕ್ಕೆ ಅಡ್ಡಿ. ಮೇಷ್ಟ್ರು ಮಾತ್ರ ಬರಲಿಲ್ಲ. ‘ಬೆಳಿಗ್ಗೆ ಆರಕ್ಕೆ ಹುಡುಗ್ರ ಪ್ರಾಕ್ಟೀಸ್ ಐತೆ, ಮನೇಲೇ ನೋಡ್ತೀನಿ’ ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫೈನಲಿನ ದಿನವೂ ಪ್ರಾಕ್ಟೀಸಂತೆ! ಆಟದ ಬಗ್ಗೆ ಇಷ್ಟು ನಿರಾಸಕ್ತಿ ಇರುವವರು ಪಿ.ಟಿ. ಮೇಷ್ಟ್ರಾಗುವುದು ಯಾಕೋ.

49ನೇ ನಿಮಿಷಕ್ಕೆ ಗೋಲು. ‘ಹೊಡೆದ್ವೀ!’ ಮಗ್ಗದಣ್ಣ ಎದ್ದ ರಭಸಕ್ಕೆ ಜರಿ ರೀಲಿನ ಡಬ್ಬಿ ಉರುಳಿತು. ರೀಪ್ಲೇ ನೋಡಿದರೆ ಹೊಡೆದದ್ದು ಅಲ್ಬೆರ್ಟೊ ರೊಡ್ರಿಗಸ್. ಅವನು ಮೋಹನ್ ಬಾಗಾನಿನ ಡಿಫೆಂಡರು, ಚೆಂಡು ಹೋಗಿದ್ದು ಅವನದೇ ಗೋಲಿಗೆ. ಆದರೂ ‘ಹೊಡೆದ್ವಿ’ಯೇ. ಉತ್ತಮ ಪುರುಷದ ಉದಾರತೆ ಅಂಥದ್ದು. ಗೋಲು ಬರುವುದಾದರೆ ಎದುರಾಳಿಯನ್ನೂ ಒಳಗೆ ಕರೆದುಕೊಳ್ಳುತ್ತದೆ.

72ನೇ ನಿಮಿಷಕ್ಕೆ ಚೆಂಡು ನಮ್ಮ ಚಿಂಗ್ಲೆನ್ಸಾನಾ ಸಿಂಗನ ಕೈಗೆ ತಗುಲಿತು, ರೆಫರಿ ಪೆನಾಲ್ಟಿ ಕೊಟ್ಟರು, ಜೇಸನ್ ಕಮಿಂಗ್ಸ್ ಒದ್ದ, 1–1. ಐಎಸ್ಎಲ್‌ಗೆ ವಿಡಿಯೊ ರೆಫರಿ ಇಲ್ಲ ಎಂದು ಪತ್ರಿಕೆಗಳು ಬರೆಯುತ್ತವೆ. ಸುಳ್ಳು. ಆ ರೂಮಿನಲ್ಲೇ ನಾಲ್ವರಿದ್ದೆವು. ಕೈ ಎಲ್ಲಿತ್ತು, ಎಲ್ಲಿರಬೇಕಿತ್ತು ಎಂದು ಇಪ್ಪತ್ತು ನಿಮಿಷ ವಿಚಾರಣೆ ನಡೆಯಿತು. ಅಷ್ಟರಲ್ಲಿ ಮೈದಾನದಲ್ಲಿ ಮಾಮೂಲಿ ಸಮಯವೇ ಮುಗಿಯುತ್ತಾ ಬಂದಿತ್ತು. ಕ್ಯಾಬ್ ತಮ್ಮನೊಬ್ಬನೇ ಚಿಂಗ್ಲೆನ್ಸಾನಾನ ಪರ: ‘ಕೈ ಅನ್ನೋದು ಭುಜದಲ್ಲಿ ಫಿಕ್ಸ್ ಆಗಿರೋ ಐಟಮ್ಮು. ಅದನ್ನೇನು ಬಿಚ್ಚಿ ಡಿಕ್ಕಿಗೆ ಹಾಕ್ಕಂಡು ಆಡಕಾಯ್ತದಾ?’ ಈ ವಾದಕ್ಕೆ ಉತ್ತರವಿರಲಿಲ್ಲ, ಆದ್ದರಿಂದ ಯಾರೂ ಒಪ್ಪಲಿಲ್ಲ.

ಹೆಚ್ಚುವರಿ ಸಮಯ, 96ನೇ ನಿಮಿಷ. ಜೇಮಿ ಮೆಕ್ಲಾರೆನ್ ಹೊಡೆದ. 2–1. ಹತ್ತೂವರೆ ಹೊತ್ತಿಗೆ ಎಲ್ಲ ಮುಗಿದು ಟೀವಿಯಲ್ಲಿ ಬಣ್ಣದ ಕಾಗದ ಹಾರುತ್ತಿತ್ತು, ನಮ್ಮ ತಂಡದವರು ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಗೋಡೆಯಾಚೆಯಿಂದ ಕೂಲಿ ನೇಕಾರನೊಬ್ಬ ತಲೆ ಹಾಕಿ, ‘ಏನಾಯ್ತಣ್ಣಾ?’ ಎಂದ.

‘ಸೋತ್ರು’ ಎಂದರು ಮಗ್ಗದಣ್ಣ, ಬೇರೆ ಯಾವುದೋ ದೇಶದ ಚುನಾವಣೆಯ ಫಲಿತಾಂಶ ಹೇಳುವ ದನಿಯಲ್ಲಿ. ‘ಜರಿಗೋಜ ಇಮಿಟೇಶನ್ ಜರಿ ಕಣೋ. ನಾನ್ ಅವತ್ತೇ ಅಂದಿರ್ಲಿಲ್ವಾ?’

ನೋಟ್‌ಬುಕ್ಕಿನಲ್ಲಿ ಅವತ್ತು ಏನೆಂದಿದ್ದರು ಎಂಬುದು ಎರಡು ಪುಟ ಹಿಂದೆಯೇ ಇತ್ತು. ನಾನು ಹಾಳೆ ಮಗುಚಲಿಲ್ಲ. ಸೋತ ರಾತ್ರಿ ಸಾಕ್ಷ್ಯ ತೆಗೆಯುವುದು ಒಳ್ಳೆಯ ಲಕ್ಷಣವಲ್ಲ.

*

ಸೋತ ಪಂದ್ಯದ ಅಂತಿಮ ಮೌಲ್ಯಮಾಪನ ನಡೆಯುವುದು ಹೊಸಕೋಟೆಯಲ್ಲಿ, ನಸುಕಿಗೆ, ದಮ್ ಬಿರಿಯಾನಿ ಕ್ಯೂನಲ್ಲಿ. ಬೆಳಗಿನ ಜಾವ ಮೂರಕ್ಕೆ ದೊಡ್ಡಬಳ್ಳಾಪುರ ಬಿಟ್ಟು, ದೇವನಹಳ್ಳಿ, ಸೂಲಿಬೆಲೆ ದಾಟಿ ಕ್ಯೂ ಸೇರುವಾಗ ನಮಗಿಂತ ಮುಂದೆ ನೂರಿನ್ನೂರು ಜನ. ರಾತ್ರಿ ಪಾಳಿ ಮುಗಿಸಿದ ಐಟಿ ಹುಡುಗರು, ಮದುವೆ ಮುಗಿಸಿದ ವಾಲಗದವರು, ನಿದ್ದೆ ಬಾರದ ನಮ್ಮಂಥವರು. ಸೌದೆ ಹೊಗೆ, ಮುಚ್ಚಳದ ಮೇಲೆ ಕೆಂಡ ಹೊತ್ತ ಹಂಡೆಗಳು. ಮುಚ್ಚಳ ತೆಗೆಯುವತನಕ ಎಲ್ಲರೂ ವಿಮರ್ಶಕರೇ.

ನೋಟ್‌ಬುಕ್ಕು ತೆರೆದೆ. ಗೋಲಿ ಗುರ್ಪ್ರೀತ್ ಸಿಂಗ್ ಸಂಧುವಿನಿಂದ ಶುರು.

‘ಬಿಟ್ಟಿದ್ದು ಎರಡು’ ಎಂದರು ಮಗ್ಗದಣ್ಣ.

‘ತಡೆದಿದ್ದು?’

‘ಅದ್ಯಾರ್ ಎಣಿಸ್ತಾರೆ? ಸೀರೆ ಬಿಚ್ಚಿದ್ರೆ ಅಂಗಡಿಯೋನು ಡ್ಯಾಮೇಜ್ ಎಲ್ಲಿದೆ ಅಂತ ನೋಡ್ತಾನೋ, ಚೆನ್ನಾಗಿರೋ ಎಳೆ ಎಷ್ಟದೆ ಅಂತ ಎಣಿಸ್ತಾನೋ? ನಾಲ್ಕು ಹಾಕು.’

ಚಿಂಗ್ಲೆನ್ಸಾನಾಗೆ ಎರಡು, ಕೈಗೊಂದರಂತೆ. ಛೆಟ್ರಿಗೆ ಮಾರ್ಚಿನಲ್ಲಿ ಕೊಟ್ಟಿದ್ದ ಒಂಬತ್ತನ್ನು ಪುನರ್ ಮೌಲ್ಯಮಾಪನದಲ್ಲಿ ಐದಕ್ಕೆ ಇಳಿಸಲಾಯಿತು. ಎಸ್ಸೆಸ್ಸೆಲ್ಸಿಯಲ್ಲಾದರೂ ಮರುಮೌಲ್ಯಮಾಪನಕ್ಕೆ ಹುಡುಗನೇ ಅರ್ಜಿ ಹಾಕಬೇಕು. ನಮ್ಮಲ್ಲಿ ಆ ತೊಂದರೆ ಇಲ್ಲ. ಕಾರ್ನರ್‌ಗಳ ಬಗ್ಗೆ ಸೈಟಣ್ಣ ಪ್ರತ್ಯೇಕ ಟಿಪ್ಪಣಿ ಬರೆಸಿದರು: ‘ಕಾರ್ನರ್ ಸೈಟಿಗೆ ಯಾವಾಗ್ಲೂ ರೇಟು ಜಾಸ್ತಿ. ಕೈಗೆ ಬಂದ ಕಾರ್ನರ್ ಸೈಟನ್ನ ಹಿಂಗೆ ಹಾಳುಮಾಡೋರನ್ನ ನಾನು ನೋಡೇ ಇಲ್ಲ.’ ಕೋಚಿಗೆ ಎಷ್ಟು ಎಂಬಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ. ಮಗ್ಗದಣ್ಣನದು ಒಂದು, ಸೈಟಣ್ಣನದು ಸೊನ್ನೆ. ಕ್ಯಾಬ್ ತಮ್ಮ ‘ಐದು ಕೊಡಣ್ಣ, ಸ್ಟಾರ್ ಕಮ್ಮಿ ಕೊಟ್ರೆ ಅವರ್ದೂ ಐಡಿ ಬ್ಲಾಕ್ ಆಗ್ಬೋದು’ ಎಂದ. ಅವನ ಕಷ್ಟ ಅವನಿಗೆ.

ಕೊನೆಗೆ ಹತ್ತಕ್ಕೆ ಹತ್ತು ಬಿದ್ದದ್ದು ಒಬ್ಬನಿಗೇ: ಅಲ್ಬೆರ್ಟೊ ರೊಡ್ರಿಗಸ್. ‘ನಮ್ ಕಡೆಗೆ ಗೋಲು ಹೊಡೆದೋನು ಅವನೊಬ್ಬನೇ ತಾನೆ?’ ನ್ಯಾಯವಾದ ಮಾತು.

ಅಷ್ಟರಲ್ಲಿ ನಮ್ಮ ಸರದಿ ಬಂತು. ಸೌಟು ಹಿಡಿದವನು ಸೈಟಣ್ಣನ ಪ್ಲೇಟಿಗೆ ಅನ್ನ ಬಡಿಸಿ, ಮೇಲೊಂದು ತುಂಡು ಹಾಕಿದ. ಅದು ಮೂಳೆ. ಅದರಲ್ಲಿ ಮಾಂಸವಿತ್ತು ಎನ್ನಲು ಪಹಣಿ ತೆಗೆಸಿ ನೋಡಬೇಕಿತ್ತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಝರಗೋಝಾಗೆ ಸೊನ್ನೆ ಕೊಟ್ಟ ನಾಲಿಗೆ ಈಗ ಏನು ಮಾಡುತ್ತದೋ! ಸೈಟಣ್ಣ ಮೂಳೆ ನೋಡಿದರು, ಸೌಟು ನೋಡಿದರು, ಹಿಂದೆ ನಿಂತಿದ್ದ ಕ್ಯೂ ನೋಡಿದರು.

‘ಸೂಪರಾಗೈತೆ ಅಣ್ಣಾ’ ಎಂದರು.

ಎರಡು ಸಾವಿರ ಕಿಲೋಮೀಟರ್ ದೂರದ ಸಾಲ್ಟ್ ಲೇಕಿನಲ್ಲಿ ನಿಂತವನನ್ನು ಅಳೆಯುವುದು ಬೇರೆ, ಎರಡು ಅಡಿ ದೂರದಲ್ಲಿ ಸೌಟು ಹಿಡಿದು ನಿಂತವನನ್ನು ಅಳೆಯುವುದು ಬೇರೆ.

ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಸೇರಿಕೊಂಡರು, ಪ್ರಾಕ್ಟೀಸಿಗೆ ಮುಂಚೆ ಒಂದು ಪಾರ್ಸಲ್ ಮನೆಗೆ ಒಯ್ಯಲು. ಅಂಕಪಟ್ಟಿ ತೋರಿಸಿ ‘ನಿಮ್ದೆಷ್ಟು ಮೇಷ್ಟ್ರೇ?’ ಎಂದೆ. ಅವರು ಕನ್ನಡಕ ಏರಿಸಿ ಹಾಳೆ ಪೂರ್ತಿ ಓದಿ, ಪುಸ್ತಕ ವಾಪಸು ಕೊಟ್ಟರು.

‘ನಾನು ಮಾರ್ಕ್ಸ್ ಕೊಡಲ್ಲಪ್ಪ. ಪಿ.ಟಿ. ಪೀರಿಯಡ್ಡಲ್ವಾ? ನಂದು ಬರೀ ಹಾಜರಿ.’

*

ಈ ಮೇಷ್ಟ್ರಿಂದಲೇ ನಮ್ಮ ವ್ಯಾಕರಣಕ್ಕೆ ಇನ್ನೊಂದು ಪ್ರತ್ಯಯ ಸೇರಿದ್ದು. ಅದು 2023ರ ಮಾರ್ಚಿನ ಕಥೆ.

ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಾಕ್‌ಔಟ್ ಪಂದ್ಯ. ಮಾಮೂಲಿ ಸಮಯದಲ್ಲಿ ಗೋಲಿಲ್ಲ. 96ನೇ ನಿಮಿಷಕ್ಕೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲಿ ತನ್ನವರನ್ನು ಗೋಡೆ ನಿಲ್ಲಿಸುತ್ತಿದ್ದ. ಛೆಟ್ರಿ ಕಾಯಲೇ ಇಲ್ಲ, ಒದ್ದೇಬಿಟ್ಟ. ಗೋಲು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿಗೆದ್ದು ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಮುಂದೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯದ ನಿಷೇಧ. ಆ ರಾತ್ರಿ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಫುಟ್ಬಾಲಿನ 13ನೇ ನಿಯಮ ಬಾಯಿಪಾಠ ಬಾರದ ಗಂಡಸೇ ಇರಲಿಲ್ಲ. ಪಹಣಿಯಲ್ಲಿ ತನ್ನ ಹೆಸರು ತಪ್ಪಿರುವುದನ್ನು ಹತ್ತು ವರ್ಷದಿಂದ ಓದಿ ನೋಡದವರೂ ‘ರೆಫರಿ ಸೀಟಿ ಊದಬೇಕೆಂದೇನಿಲ್ಲ’ ಎಂದು ಉಪವಿಧಿ ಉದ್ಧರಿಸುತ್ತಿದ್ದರು.

ಮಾರನೇ ದಿನ, ಶನಿವಾರ ರಾತ್ರಿ. ಆ ಚರ್ಚೆ ಬಿರುಸಾಗಿ ನಡೆದಿರುವಾಗಲೇ ಮೇಷ್ಟ್ರ ಫೋನು. ಗಂಟಲು ಕಟ್ಟಿತ್ತು.

‘ಗೆದ್ವಿ ಕಣ್ರಪ್ಪ! ಗೆದ್ವಿ!’

‘ನೆನ್ನೇನೇ ಗೆದ್ವಲ್ಲ ಮೇಷ್ಟ್ರೇ.’

‘ಅದಲ್ಲ, ಕರ್ನಾಟಕ! ಕರ್ನಾಟಕ ಗೆದ್ವಿ!’

‘ಕಬಡ್ಡಿನಾ?’

‘ಫುಟ್ಬಾಲು! ಸಂತೋಷ್ ಟ್ರೋಫಿ! ಸೌದಿಯ ರಿಯಾದಲ್ಲಿ ಫೈನಲ್ಲು! ಮೇಘಾಲಯದ ಮೇಲೆ 3–2! ಐವತ್ತನಾಲ್ಕು ವರ್ಷ ಆಗಿತ್ತು ಕಣ್ರೋ!’

ಸೈಟಣ್ಣ ಫೋನಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದರು. ‘ಕರ್ನಾಟಕ ಏನೋ ಗೆದ್ರಂತೆ’ ಎಂದರು. ಫ್ರೀ ಕಿಕ್ಕಿನ ಚರ್ಚೆ ನಿಂತಲ್ಲಿಂದ ಮುಂದುವರಿಯಿತು.

ಗೆದ್ರಂತೆ. ನಮ್ಮ ಭಾಷೆಯ ಈ ‘ಅಂತೆ’ ಬಹಳ ನಾಜೂಕಿನ ಪ್ರತ್ಯಯ. ಸುದ್ದಿ ತಲುಪಿಸುತ್ತದೆ, ಆದರೆ ಸಂಬಂಧ ಬೆಳೆಸುವುದಿಲ್ಲ. ನಾವು ನೋಡದ್ದಕ್ಕೆ, ಹುಟ್ಟುವ ಮೊದಲೇ ನಡೆದದ್ದಕ್ಕೆ ಅದನ್ನು ಬಳಸಿದರೆ ಒಪ್ಪುವ ಮಾತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು, ಮರುವರ್ಷ ಮತ್ತೆ ಗೆದ್ದಿತಂತೆ, ಸರಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತಕ್ಕೆ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರಂತೆ, ಸರಿ. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದು, 1968–69ರ ನಂತರ ಗೆದ್ದೇ ಇರಲಿಲ್ಲವಂತೆ, ಅದೂ ಸರಿ. ಆದರೆ 2023ರ ಮಾರ್ಚ್ 4? ಅದು ನಮ್ಮ ಮೊಬೈಲಿನಲ್ಲೇ ಬರುತ್ತಿತ್ತು. ನೋಡಲು ಬೇಕಾಗಿದ್ದದ್ದು ಒಂದು ಹೆಬ್ಬೆರಳು. ಆ ಹೆಬ್ಬೆರಳು ಆ ಹೊತ್ತಿನಲ್ಲಿ ಛೆಟ್ರಿಯ ಫ್ರೀ ಕಿಕ್ಕನ್ನು ನಲವತ್ತನೇ ಸಲ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿತ್ತು.

ತಮಾಷೆ ನೋಡಿ: ರಿಯಾದಿನಲ್ಲೂ ಮೊದಲ ಗೋಲು ಹೊಡೆದವನ ಹೆಸರು ಸುನಿಲ್, ಸುನಿಲ್ ಕುಮಾರ್. ಎರಡನೆಯದು ಬೆಕಿ ಓರಂ. ಮೂರನೆಯದು ರಾಬಿನ್ ಯಾದವ್ ಒದ್ದದ್ದು, ಅದೂ ಫ್ರೀ ಕಿಕ್ಕು. ಸುನಿಲ್ ಬೇಕಿದ್ದರೆ ಸುನಿಲ್ ಇದ್ದ, ಫ್ರೀ ಕಿಕ್ ಬೇಕಿದ್ದರೆ ಫ್ರೀ ಕಿಕ್ಕೂ ಇತ್ತು. ಜಗಳ ಒಂದಿರಲಿಲ್ಲ, ಹಾಗಾಗಿ ನಮಗೆ ಬೇಕಾಗಲಿಲ್ಲ. ಕೋಚ್ ರವಿ ಬಾಬು ರಾಜು ಅವರಿಗೆ ಹತ್ತಕ್ಕೆ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಸೊನ್ನೆಯೂ ಇಲ್ಲ. ಗೈರುಹಾಜರಿ. ಅವರದಲ್ಲ, ನಮ್ಮದು.

*

ಫೈನಲಿನ ಮರುದಿನ ಬಿರಿಯಾನಿ ಮುಗಿಸಿ ಹೊರಟಾಗ ಆರಾಗುತ್ತಾ ಬಂದಿತ್ತು. ಮೇಷ್ಟ್ರ ಶಾಲೆ ಸೂಲಿಬೆಲೆ ರಸ್ತೆಯಲ್ಲೇ. ನೋಡಿ ಹೋಗೋಣವೆಂದು ಕಾರು ನಿಲ್ಲಿಸಿದೆವು. ಹಿಂದೆ ನೀಲಗಿರಿ ತೋಪು, ಮುಂದೆ ಕೆಮ್ಮಣ್ಣಿನ ಬಯಲು. ಗೋಲ್‌ಪೋಸ್ಟೂ ನೀಲಗಿರಿ ಗಳವೇ. ಒಂದು ಪಕ್ಕದ್ದು ಸ್ವಲ್ಪ ವಾಲಿತ್ತು. ಅಲ್ಲಿ ನಾಲ್ಕೈದು ಹುಡುಗಿಯರೂ ಸೇರಿ ಹದಿನೈದು ಮಕ್ಕಳು, ಒಂದು ಚೆಂಡು. ಮೇಷ್ಟ್ರು ಸೈಕಲ್ಲು ಒರಗಿಸಿ ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಕರೆದರು. ಬರದವರ ಮನೆಗೆ ಬರುವಾಗಲೇ ಹೋಗಿ ಬಾಗಿಲು ತಟ್ಟಿಬಂದಿದ್ದರಂತೆ. (ಈ ‘ಅಂತೆ’ ನಿಜವಾದದ್ದು, ಹುಡುಗರು ಹೇಳಿದರು.)

ನಾವು ನಾಲ್ವರೂ ಕಾರಿಗೆ ಬೆನ್ನು ಕೊಟ್ಟು, ಕೈ ಕಟ್ಟಿ, ಎರಡೇ ನಿಮಿಷದಲ್ಲಿ ಮಕ್ಕಳ ಫಾರ್ಮೇಶನ್ನಿನ ದೋಷ ಕಂಡುಹಿಡಿದೆವು. ‘ಮಧ್ಯದಲ್ಲಿ ಜಾಗ ಖಾಲಿ ಬಿಟ್ಟವ್ರೆ’ ಎಂದು ಸೈಟಣ್ಣ ಹೇಳುತ್ತಿದ್ದಂತೆಯೇ ಚೆಂಡು ಆ ಖಾಲಿ ಜಾಗದಿಂದಲೇ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು.

‘ಅಂಕಲ್! ಬಾಲ್!’ ಗೋಲಿನಲ್ಲಿ ನಿಂತಿದ್ದ ಹುಡುಗಿ ಕೂಗಿದಳು.

ಹನ್ನೆರಡು ವರ್ಷ ಹತ್ತಕ್ಕೆ ಇಷ್ಟು ಎಂದು ಬರೆದವನು ನಾನು. ಮೊದಲ ಕೋಚ್ ವೆಸ್ಟ್‌ವುಡ್ಡಿನಿಂದ ಝರಗೋಝಾವರೆಗೆ ಎಷ್ಟು ಜನರಿಗೆ ಒದೆಸುವುದು ಹೇಗೆಂದು ಹೇಳಿಕೊಟ್ಟಿಲ್ಲ! ಪಂಚೆ ಎತ್ತಿ ಕಟ್ಟಿದೆ. ಎರಡು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಒದ್ದೆ.

ಮೊದಲು ಹೋದದ್ದು ಚಪ್ಪಲಿ. ಅದು ನೇರವಾಗಿ ಹೋಯಿತು, ಗೋಲಿನ ದಿಕ್ಕಿಗೇ. ಚೆಂಡು ಪಕ್ಕಕ್ಕೆ ಸರಿದು ನೀಲಗಿರಿ ತೋಪು ಸೇರಿತು. ಕಾಲು ಅಲ್ಲೇ ಗುಂಡಿಯಲ್ಲಿ ಹೊರಳಿ ಹಿಮ್ಮಡಿಯ ಮೇಲೆ ‘ಟಕ್’ ಎಂದಿತು. ನಾನು ಕೆಮ್ಮಣ್ಣಿನ ಮೇಲೆ, ಹಿಂದಿನ ರಾತ್ರಿ ಟೀವಿಯಲ್ಲಿ ಅವರು ಕೂತಿದ್ದ ಹಾಗೆಯೇ, ಕುಕ್ಕರಗಾಲಲ್ಲಿ ಕೂತೆ. ಮಕ್ಕಳು ನಗಲಿಲ್ಲ, ಇಬ್ಬರು ಚೆಂಡಿಗೆ ಓಡಿದರು, ಒಬ್ಬ ಚಪ್ಪಲಿ ತಂದುಕೊಟ್ಟ. ಮೇಷ್ಟ್ರು ಬಂದು ಕಾಲು ಹಿಡಿದು ನೋಡಿ, ‘ಮೂಳೆಗೇನಾಗಿಲ್ಲ, ಉಳುಕು ಅಷ್ಟೆ. ಬಿಟ್ ಬಿಟ್ ಐಸ್ ಇಡಿ’ ಎಂದರು. ಅಂಕದ ಮಾತು ಎತ್ತಲಿಲ್ಲ.

ಅದನ್ನು ಎತ್ತಿದವರು ಕಾರಿನಲ್ಲಿದ್ದರು. ದೇವನಹಳ್ಳಿ ಬರುವವರೆಗೆ ಮೂವರೂ ನನ್ನ ಒದೆತದ ವಿಶ್ಲೇಷಣೆ ಮಾಡಿದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಾನೇ ಕೂತಿದ್ದೆ, ಆದರೂ ಪೂರ್ತಿ ಪ್ರಥಮ ಪುರುಷದಲ್ಲಿ.

‘ಹೊಕ್ಕು ಸರಿಯಿಲ್ಲ ಅವನದು’ ಎಂದರು ಮಗ್ಗದಣ್ಣ.

‘ಅಷ್ಟು ದೊಡ್ಡ ಬಯಲು ಬಿಟ್ಟು ತೋಪಿಗೆ ಹೊಡೆದವ್ನಲ್ಲ’ ಎಂದರು ಸೈಟಣ್ಣ.

‘ಓವರ್‌ಸ್ಪೀಡು ಕಣಣ್ಣ’ ಎಂದ ಕ್ಯಾಬ್ ತಮ್ಮ. ‘ಹಂಪು ನೋಡಿಲ್ಲ.’

ನೋಟ್‌ಬುಕ್ಕು ಸೈಟಣ್ಣನ ಕೈಗೆ ಹೋಯಿತು. ಎಷ್ಟು ಬರೆದರೋ ತೋರಿಸಲಿಲ್ಲ. ಮುಖ ನೋಡಿದರೆ ಝರಗೋಝಾಗೂ ನನಗೂ ಹೆಚ್ಚಿನ ಅಂತರವಿದ್ದಂತೆ ಕಾಣಲಿಲ್ಲ.

ಕುಂಟುತ್ತಾ ಮನೆ ಹತ್ತಿದಾಗ ಬಾಗಿಲಲ್ಲಿ ಹೆಂಡತಿ ರಂಗೋಲಿ ಹಾಕುತ್ತಿದ್ದಳು. ಕಾಲು ನೋಡಿದಳು, ಮಣ್ಣಾದ ಪಂಚೆ ನೋಡಿದಳು.

‘ರಾತ್ರಿ ಏನಾಯ್ತು ರೀ ಮ್ಯಾಚು?’

ಹನ್ನೆರಡು ವರ್ಷದ ಅಭ್ಯಾಸ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಲೆಂದು ಹೊಸ್ತಿಲ ಮೇಲೆ ಕಾಲಿಟ್ಟೆ. ಹಿಮ್ಮಡಿಯಿಂದ ಮಂಡಿಯವರೆಗೆ ನೋವು ಜುಂ ಎಂದು ಹತ್ತಿತು.

‘ಸೋತ್ವಿ ಕಣೇ’ ಎಂದೆ.

ಅವಳು ರಂಗೋಲಿ ಬಟ್ಟಲು ಕೆಳಗಿಟ್ಟು, ಐಸ್ ತರಲು ಒಳಗೆ ಹೋದಳು.